ಹೊಸ ಪುಟಕ್ಕೆ ನಾಲ್ಕು ನಿಮಿಷ

ನಮ್ಮ ರಕ್ತಪರೀಕ್ಷೆಯ ಲ್ಯಾಬಿನ ಕಂಪ್ಯೂಟರಿನಲ್ಲಿ ಒಬ್ಬ ರೋಗಿಗೆ ಹೊಸ ಪುಟ ತೆರೆಯಲು ನಾಲ್ಕು ನಿಮಿಷ ಬೇಕಿತ್ತು. ಉತ್ಪ್ರೇಕ್ಷೆಯಲ್ಲ, ಗೋಡೆಯ ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಹೋದ ಎಂಬತ್ತು ಜನ ಹತ್ತರ ಹೊತ್ತಿಗೆ ರಿಪೋರ್ಟಿಗೆಂದು ನನ್ನ ಕಿಟಕಿಗೆ ಮುಗಿಬೀಳುತ್ತಾರೆ. ಒಬ್ಬೊಬ್ಬರಿಗೂ ನಾಲ್ಕು ನಿಮಿಷ ಹಿಡಿದರೆ ನನ್ನನ್ನು ಅಲ್ಲೇ ಹುಗಿದು ಹೋಗುತ್ತಿದ್ದರು.

ಅದಕ್ಕೇ ನಾನೊಂದು ಉಪಾಯ ಕಂಡುಕೊಂಡಿದ್ದೆ. ಹೊಸ ಪುಟ ತೆರೆಯುತ್ತಲೇ ಇರಲಿಲ್ಲ. ಹಿಂದಿನವರ ಪುಟವನ್ನೇ ನಕಲು ಮಾಡಿ, ಅವರ ಹೆಸರಿನ ಮೇಲೆ ಇವರ ಹೆಸರು, ಅವರ ವಯಸ್ಸಿನ ಮೇಲೆ ಇವರ ವಯಸ್ಸು, ಅವರ ಅಂಕಿಯ ಮೇಲೆ ಇವರ ಅಂಕಿ ಕುಟ್ಟುತ್ತಾ ಹೋಗುವುದು. ಫೋನ್ ನಂಬರು, ವಿಳಾಸ ಬದಲಿಸುವ ಗೋಜಿಗೆ ಹೋಗುತ್ತಿರಲಿಲ್ಲ. ರಿಪೋರ್ಟನ್ನು ಅವರೇ ಬಂದು ಒಯ್ಯುತ್ತಾರಲ್ಲ, ನಂಬರು ಯಾರಿಗೆ ಬೇಕು? ನಡುವೆ ಪರದೆ ಕಲ್ಲಿನ ಹಾಗೆ ಕೂತುಬಿಟ್ಟರೆ ಸೇವ್ ಗುಂಡಿಯನ್ನು ಮೂರು ಸಲ ಒತ್ತಿ ಕೈಕಟ್ಟಿ ಕೂರಬೇಕು. ನಾಲ್ಕನೇ ಸಲ ಒತ್ತಿದರೆ ಎಲ್ಲವೂ ಮಾಯ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಎಂಟು ವರ್ಷ ಬೈಸಿಕೊಂಡು ಬೈಸಿಕೊಂಡು ಕಲಿತದ್ದು. ಹೀಗೆ ನನ್ನ ಕೈಯಲ್ಲಿ ಒಂದು ರಿಪೋರ್ಟು ಐವತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಈಚೆಗೆ ಒಂದು ತಿಂಗಳ ಮೊದಲ ವಾರ ಸಾಫ್ಟ್‌ವೇರಿನವರೊಬ್ಬರು ಬಂದಿದ್ದರು. ಐವತ್ತು ದಾಟಿದ ಮನುಷ್ಯ, ಮಾತು ನಿಧಾನ, ತಾನೇ ಮಾಡಿದ ಸಾಫ್ಟ್‌ವೇರನ್ನು ತಾನೇ ಹೊತ್ತು ತಿರುಗುತ್ತಿದ್ದರು. ತಮ್ಮ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ತೋರಿಸಿದರು. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಬಂತು, ಅದೂ ಪೂರ್ತಿ ಖಾಲಿ. ರಕ್ತದ ಮೆಷಿನ್ನಿನಿಂದ ಅಂಕಿ ತಾನಾಗಿಯೇ ಬಂದು ಕೂರುತ್ತದಂತೆ. ಹೆಸರಿಗೂ ಸ್ಯಾಂಪಲ್ ನಂಬರಿಗೂ ತಾಳೆಯಾಗದಿದ್ದರೆ ಪ್ರಿಂಟೇ ಕೊಡುವುದಿಲ್ಲವಂತೆ. ನನಗೆ ಆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಓಡಿಹೋಗಬೇಕೆನಿಸಿತು.

"ಬೆಲೆ?" ಎಂದು ನಮ್ಮ ಡಾಕ್ಟರಮ್ಮ ಕೇಳಿದರು. ಲ್ಯಾಬ್ ಅವರದೇ.

"ಈಗ ನೀವು ಕೊಡ್ತಿರೋದರ ಮೂರು ಪಟ್ಟು."

ಡಾಕ್ಟರಮ್ಮ ನಕ್ಕರು. ಸಾಫ್ಟ್‌ವೇರಿನವರೂ ನಕ್ಕರು. "ಎಲ್ಲಾ ಕಡೆ ಇದೇ ನಗು ಮೇಡಂ. ಒಳ್ಳೇದು ಬೇಕು ಅಂತ ಎಲ್ಲರೂ ಅಂತಾರೆ. ಬೆಲೆ ಹೇಳಿದ ತಕ್ಷಣ, ಈಗಿರೋದೇ ಪರವಾಗಿಲ್ಲ ಬಿಡಿ ಅಂತಾರೆ" ಎಂದು ಹೇಳಿ, ಲ್ಯಾಪ್‌ಟಾಪ್ ಮುಚ್ಚಿ, ವೈರನ್ನು ನೀಟಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಅವರು ಹೋದ ಮೇಲೆ ಡಾಕ್ಟರಮ್ಮ ನನ್ನನ್ನೂ, ರಕ್ತ ತೆಗೆಯುವ ಸೂಜಿಯಣ್ಣನನ್ನೂ ಒಳಗೆ ಕರೆದರು. ಇಡೀ ಲ್ಯಾಬಿಗೆ ಇರುವುದು ನಾವಿಬ್ಬರೇ. "ನೋಡಿ, ರೇಟು ಏರಿಸೋ ಹಾಗಿಲ್ಲ. ಏರಿಸಿದರೆ ಜನ ಎದುರಿನ ಲ್ಯಾಬಿಗೆ ಹೋಗ್ತಾರೆ. ಈ ವರ್ಷ ನಿಮ್ಮಿಬ್ಬರ ಸಂಬಳ ಏರಿಸೋದನ್ನ ನಿಲ್ಲಿಸಿದರೆ ಇದನ್ನ ತೊಗೋಬಹುದು. ಕೆಲಸ ಹಗುರ ಆಗೋದು ನಿಮಗೇ ತಾನೆ? ನೀವೇ ಹೇಳಿ."

ನನಗೆ ಮೈಯೆಲ್ಲಾ ಉರಿಯಿತು. ಲ್ಯಾಬು ಅವರದು, ಲಾಭ ಅವರದು, ಸಾಫ್ಟ್‌ವೇರಿಗೆ ಮಾತ್ರ ನನ್ನ ಸಂಬಳವೇ? ಎರಡು ವರ್ಷದಿಂದ ಮಗಳ ಹಲ್ಲಿಗೆ ತಂತಿ ಹಾಕಿಸುತ್ತೇನೆ, ಹಾಕಿಸುತ್ತೇನೆ ಎನ್ನುತ್ತಾ ಬಂದಿದ್ದೆ. "ಬೇಡ ಮೇಡಂ, ನನಗೆ ಇದರಲ್ಲೇ ಅಭ್ಯಾಸ ಆಗಿದೆ" ಎಂದೆ. ಸೂಜಿಯಣ್ಣ ಸೀಲಿಂಗ್ ನೋಡುತ್ತಾ ತಲೆಯಾಡಿಸಿದ. ಅಲ್ಲಿಗೆ ಆ ಮಾತು ಮುಗಿಯಿತು.

ಅದಾದ ಎರಡನೇ ವಾರದ ಮಂಗಳವಾರ ಗಡಿಯಾರದ ತಾತ ಬಂದರು. ಅವರ ಹೃದಯದಲ್ಲಿ ಲೋಹದ ಕವಾಟ ಕೂರಿಸಿದ್ದಾರೆ. ಪಕ್ಕದಲ್ಲಿ ಕೂತರೆ ಟಿಕ್ ಟಿಕ್ ಎಂದು ಕೇಳುತ್ತದೆ, ಅದಕ್ಕೇ ಆ ಹೆಸರು. ಆ ಕವಾಟಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳಬಾರದೆಂದು ದಿನವೂ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾರೆ. ತಿಂಗಳಿಗೊಮ್ಮೆ ನಮ್ಮಲ್ಲಿ ಪರೀಕ್ಷೆ. ಅಂಕಿ ಮೂರರ ಆಸುಪಾಸು ಇರಬೇಕು. ಬೇರೆಯವರಿಗೆ ಒಂದು ಸರಿ, ಇವರದು ಒಂದಕ್ಕೆ ಇಳಿದರೆ ರಕ್ತ ಗಟ್ಟಿ, ಕವಾಟ ಕಚ್ಚಿಕೊಂಡೀತು. ಏಳರ ಹತ್ತಿರ ಹೋದರೆ ನೀರಿನಷ್ಟು ತೆಳು, ತಲೆಯೊಳಗೋ ಹೊಟ್ಟೆಯೊಳಗೋ ಎಲ್ಲಿ ಬೇಕಾದರೂ ಒಸರಬಹುದು. ಅವರ ಹೃದಯದ ಡಾಕ್ಟರು ಈ ಅಂಕಿ ನೋಡಿಯೇ ಫೋನಿನಲ್ಲಿ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ.

ಅವತ್ತು ಕಿಟಕಿಯಲ್ಲಿ ಕೈಗಳೇ ಕೈಗಳು. ತಾತ ಹನ್ನೊಂದೂವರೆಗೆ ರಿಪೋರ್ಟು ಪಡೆದು, "ಬರ್ತೀನಮ್ಮ" ಎಂದು ಹೇಳಿ ಹೋದರು.

ಎರಡು ಗಂಟೆಗೆ ಊಟ ಮುಗಿಸಿ, ಮೆಷಿನ್ ಉಗುಳಿದ ಚೀಟಿಗಳನ್ನು ಮೊಳೆಯಿಂದ ಬಿಡಿಸಿ ಜೋಡಿಸುತ್ತಿದ್ದೆ. ಒಂದು ಚೀಟಿಯಲ್ಲಿ 6.8 ಎಂದಿತ್ತು. ಕೈ ಅಲ್ಲೇ ನಿಂತಿತು. ಅಂಥ ಅಂಕಿ ಅಪರೂಪ, ಕುಟ್ಟಿದ್ದರೆ ನೆನಪಿರುತ್ತಿತ್ತು. ಚೀಟಿಯ ನಂಬರನ್ನು ರಿಜಿಸ್ಟರಿನಲ್ಲಿ ಹುಡುಕಿದೆ. ಅದು ಗಡಿಯಾರದ ತಾತನದು. ಕಂಪ್ಯೂಟರಿನಲ್ಲಿ ಅವರ ಪುಟ ತೆಗೆದೆ. ಹೆಸರು ಅವರದೇ, ವಯಸ್ಸು ಅವರದೇ. ಅಂಕಿ ಮಾತ್ರ 1.1.

1.1 ಅವರ ಹಿಂದಿನವಳದು, ಹಲ್ಲು ಕೀಳಿಸುವ ಮುಂಚೆ ಇದೇ ಪರೀಕ್ಷೆ ಮಾಡಿಸಿದ್ದ ಕಾಲೇಜು ಹುಡುಗಿಯದು. ಈಗ ಎಲ್ಲವೂ ನೆನಪಾಯಿತು. ತಾತನ ಹೆಸರು, ವಯಸ್ಸು ಕುಟ್ಟಿದ್ದೆ. ಪರದೆ ಕೂತುಬಿಟ್ಟಿತ್ತು. ಮೂರು ಸಲ ಒತ್ತಿದೆ. ಅಷ್ಟರಲ್ಲಿ ಯಾರೋ ಕಿಟಕಿ ಬಡಿದು ಕೂಗಾಡಿದರು. ಪರದೆಗೆ ಜೀವ ಬಂತು, ಪ್ರಿಂಟ್ ಒತ್ತಿದೆ. ಅಂಕಿ ಬದಲಿಸಲೇ ಇಲ್ಲ.

ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ಹಲೋ, ತಾತ ಇದ್ದಾರಾ?" ಎಂದರೆ ಹುಡುಗಿಯ ದನಿ: "ಯಾವ ತಾತ? ನೀವು ಲ್ಯಾಬಿನವರಾ? ಯಾಕೆ, ನನಗೇನಾಗಿದೆ?"

ನಂಬರೂ ಅವಳದೇ! ವಿಳಾಸವೂ ಅವಳದೇ! "ನಿನಗೇನೂ ಆಗಿಲ್ಲಮ್ಮ, ನೀನು ಚೆನ್ನಾಗಿದೀಯಾ" ಎಂದು ಫೋನಿಟ್ಟೆ. ತಾತನ ಫೋನ್ ನಂಬರನ್ನು ಸೂಜಿಯಣ್ಣ ಬರೆದಿದ್ದ ಟೋಕನ್ ಚೀಟಿಯನ್ನು ನಾನೇ ರಿಪೋರ್ಟಿಗೆ ಪಿನ್ ಮಾಡಿ ಕೊಟ್ಟು ಕಳಿಸಿದ್ದೆ. ಹಿಂದಿನ ತಿಂಗಳ ಪುಟ ತೆಗೆದೆ. ಅದರಲ್ಲಿ ಇನ್ಯಾರದೋ ನಂಬರು. ಅದಕ್ಕೂ ಹಿಂದಿನದರಲ್ಲಿ ಮತ್ತಿನ್ಯಾರದೋ. ಮನುಷ್ಯ ಐದು ವರ್ಷದಿಂದ ತಪ್ಪದೆ ನಮ್ಮಲ್ಲಿಗೆ ಬರುತ್ತಿದ್ದಾರೆ, ಅವರನ್ನು ಹುಡುಕಲು ನಮ್ಮ ಕಂಪ್ಯೂಟರಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. ರಿಜಿಸ್ಟರಿನಲ್ಲಿ ಇದ್ದದ್ದು ಬರೀ ಹೆಸರು, ಸ್ಯಾಂಪಲ್ ನಂಬರು.

"ಸೂಜಿಯಣ್ಣಾ!" ಎಂದು ನಾನು ಕಿರುಚಿದ ರಭಸಕ್ಕೆ ಅವನು ಕೈ ತೊಳೆಯುತ್ತಿದ್ದವನು ನಲ್ಲಿ ಹಾಗೇ ಬಿಟ್ಟು ಓಡಿಬಂದ. "ಗಡಿಯಾರದ ತಾತ ಎಲ್ಲಿರೋದು?"

"ಫೋಟೋಗೆ ಕಟ್ಟು ಹಾಕ್ತಾರಲ್ವಾ? ಮುಚ್ಚಿಹೋದ ಸಿನಿಮಾ ಥಿಯೇಟರ್ ಹಿಂದೆ ಎಲ್ಲೋ ಅಂಗಡಿ ಅಂತಿದ್ರು. ಯಾಕೆ?"

ಚೀಟಿ ಕೈಗಿಟ್ಟೆ. ನೋಡಿದವನೇ ಸ್ಕೂಟರಿನ ಕೀಲಿ ಎತ್ತಿಕೊಂಡ. "ಗಾಜು ಕೊಯ್ಯೋ ಕೆಲಸ ಅವರದು" ಎಂದ.

ಅವನ ಸ್ಕೂಟರಿನ ಹಿಂದೆ ಕೂತು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಗಾಳಿಯಲ್ಲಿ ಕೂಗಿ ಕೂಗಿ ಹೇಳಿದೆ. ಅವರು ಹೇಳಿದರು:

"ಬೇಗ ಹೋಗು. ಮಾತ್ರೆ ನುಂಗೋದನ್ನ ನಿಲ್ಲಿಸು, ಆಸ್ಪತ್ರೆಗೆ ಕಳಿಸು. ಆಮೇಲೆ, ಕೇಳಿಸ್ತಿದೆಯಾ? ಮೆಷಿನ್ ಕೈಕೊಟ್ಟಿತ್ತು ಅಂತ ಹೇಳು. ಟೈಪಿಂಗ್ ಗೀಪಿಂಗ್ ಅನ್ನಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಪೊಲೀಸು ಕೋರ್ಟು ಅಂತಾದರೆ ಮೊದಲು ಹೋಗೋದು ನಿನ್ನ ತಲೆ."

ಥಿಯೇಟರ್ ಹಿಂದೆ ನಾಲ್ಕು ಓಣಿ. ಮೊದಲನೆಯದರಲ್ಲಿ ಬರೀ ಟೈರಿನ ಅಂಗಡಿಗಳು. ಎರಡನೆಯದರಲ್ಲಿ ಒಬ್ಬಾಕೆ, "ಕಟ್ಟಿನ ಅಂಗಡಿನಾ? ಮುಂದೆ ಎಡಕ್ಕೆ" ಎಂದಳು. ಎಡಕ್ಕೆ ಹೋದರೆ ಗೋಡೆ. ಸ್ಕೂಟರ್ ತಿರುಗಿಸುವಾಗ ಸೂಜಿಯಣ್ಣನ ಬಾಯಲ್ಲಿ ಬಂದ ಬೈಗುಳವನ್ನು ಇಲ್ಲಿ ಬರೆಯಲಾರೆ. ಗಂಟೆ ಎರಡೂವರೆ. ಡಾಕ್ಟರಿಗೆ ಫೋನ್ ಮಾಡಿರುತ್ತಾರೆ, ಮಾತ್ರೆ ಏರಿಸಿರುತ್ತಾರೆ, ನುಂಗಿಯೂ ಇರುತ್ತಾರೆ ಎಂದು ಮನಸ್ಸು ಒಂದೇ ಸಮನೆ ಬಡಬಡಿಸುತ್ತಿತ್ತು. ಕೊನೆಯ ಓಣಿಯಲ್ಲಿ ಬಾಗಿಲಿಗೆ ಒರಗಿಸಿದ ಗಾಜಿನ ಹಾಳೆಗಳು ಕಂಡವು. ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಓಡಿದೆ.

ಉದ್ದನೆಯ ಇಕ್ಕಟ್ಟಿನ ಅಂಗಡಿ. ಮೂರು ಗೋಡೆಯ ತುಂಬಾ ಖಾಲಿ ಕಟ್ಟುಗಳು. ತಾತ ಸ್ಟೂಲಿನ ಮೇಲೆ ಕೂತು ಅಂಗಿ ಎತ್ತಿ ಹಿಡಿದಿದ್ದರು. ಸೊಸೆ ಅವರ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು. ನರ್ಸೊಬ್ಬಳು ಸಿರಿಂಜನ್ನು ಬೆಳಕಿಗೆ ಹಿಡಿದು ಗಾಳಿಗುಳ್ಳೆ ತಟ್ಟುತ್ತಿದ್ದಳು.

"ನಿಲ್ಲಿಸಿ! ಚುಚ್ಚಬೇಡಿ!"

ಮೂವರೂ ತಿರುಗಿದರು. ತಾತ ನಗುತ್ತಾ, "ಓ, ಲ್ಯಾಬಿನಮ್ಮ! ಕಟ್ಟು ಹಾಕಿಸೋದಿತ್ತಾ?" ಎಂದರು.

"ಆ ರಿಪೋರ್ಟು ಸರಿಯಿಲ್ಲ ತಾತ. ನಿಮ್ಮ ರಕ್ತ ಗಟ್ಟಿಯಾಗಿಲ್ಲ, ವಿಪರೀತ ತೆಳು ಆಗಿದೆ. ಈ ಇಂಜೆಕ್ಷನ್ ಕೊಟ್ಟರೆ ಇನ್ನೂ ತೆಳು ಆಗುತ್ತೆ."

ನರ್ಸು ಸಿರಿಂಜ್ ಕೆಳಗಿಳಿಸಲಿಲ್ಲ. "ರಿಪೋರ್ಟಲ್ಲಿ ಒಂದು ಪಾಯಿಂಟ್ ಒಂದು ಅಂತ ಅಚ್ಚಾಗಿದೆ. ಡಾಕ್ಟರ್ ಫೋನಲ್ಲೇ ಗಾಬರಿಯಾಗಿ ನನ್ನನ್ನ ಕಳಿಸಿದ್ರು, ತಕ್ಷಣ ಕೊಡಿ, ತಡ ಆದ್ರೆ ಕವಾಟ ನಿಲ್ಲುತ್ತೆ ಅಂದ್ರು. ಎರಡು ಮಾತ್ರೆ ಆಗಲೇ ನುಂಗಿಸಿದ್ದೀವಿ. ನೀವು ಯಾರು ಬೇಡ ಅನ್ನೋಕೆ?"

ಚೀಟಿ ಮುಂದೆ ಹಿಡಿದೆ. "ಇದು ನೋಡಿ, ಮೆಷಿನ್ ಕೊಟ್ಟಿರೋದು. ಆರು ಪಾಯಿಂಟ್ ಎಂಟು."

"ಇದರಲ್ಲಿ ಹೆಸರೇ ಇಲ್ಲ."

"ನಂಬರ್ ಇದೆಯಲ್ಲ. ನಮ್ಮ ರಿಜಿಸ್ಟರಿನಲ್ಲಿ ಇವರ ಹೆಸರಿನ ಮುಂದೆ ಇದೇ ನಂಬರು."

"ರಿಜಿಸ್ಟರ್ ಎಲ್ಲಿ?"

ರಿಜಿಸ್ಟರ್ ಲ್ಯಾಬಿನಲ್ಲಿತ್ತು. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು ಎನಿಸಿತು.

"ಹಾಗಾದ್ರೆ ರಿಪೋರ್ಟ್ ಹೇಗೆ ತಪ್ಪಾಯ್ತು?" ಎಂದು ಸೊಸೆ ಕೇಳಿದಳು. ಅವಳಿಗೆ ಅಳು ಬರುವಂತಿತ್ತು.

ಈಗ ಹೇಳಬೇಕು. ನಾನೇ ತಪ್ಪು ಕುಟ್ಟಿದೆ, ಹಿಂದಿನ ಹುಡುಗಿಯ ಅಂಕಿ ನಿಮ್ಮ ಮಾವನ ಹೆಸರಿನ ಕೆಳಗೆ ಉಳಿಯಿತು, ಎಂಟು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ ಎನ್ನಬೇಕು. ಬಾಯಿ ತೆರೆದೆ. "ಮೆಷಿನ್ ಕೈಕೊಟ್ಟಿತ್ತು" ಎಂದೆ.

ನರ್ಸು ಬುದ್ಧಿವಂತೆ. ತಕ್ಷಣ ಹಿಡಿದಳು. "ಮೆಷಿನ್ ಕೆಟ್ಟಿದ್ರೆ ಈ ಚೀಟಿನೂ ಅದೇ ಮೆಷಿನ್ನಿಂದು ತಾನೆ? ಇದನ್ನ ಮಾತ್ರ ಯಾಕೆ ನಂಬಬೇಕು?"

ಸುಳ್ಳನ್ನು ಬಾಯಿಂದ ಹೊರಗೆ ಹಾಕಿ ಅರ್ಧ ನಿಮಿಷವಾಗಿರಲಿಲ್ಲ, ಅದೇ ಬಂದು ನನ್ನ ಕತ್ತು ಹಿಡಿದಿತ್ತು. ನರ್ಸು ತಾತನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದಳು. ಅಂಗಡಿಯಲ್ಲಿ ಟಿಕ್ ಟಿಕ್ ಬಿಟ್ಟು ಬೇರೆ ಸದ್ದಿಲ್ಲ.

"ಅದೇನು ತಾತ, ಕೈಗೆ?" ಸೂಜಿಯಣ್ಣ ಬಾಗಿಲಲ್ಲೇ ನಿಂತು ಕೇಳಿದ.

ತಾತನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆ ಕೆಂಪಾಗಿ, ತುದಿಯಿಂದ ಹನಿಯುವಂತಿತ್ತು. "ಇದಾ? ಬೆಳಿಗ್ಗೆ ರಿಪೋರ್ಟ್ ತೊಗೊಳ್ಳೋಕೆ ಬರೋ ಮುಂಚೆ ಗಾಜು ತಾಗ್ತು. ಸಣ್ಣ ಗೀರು. ಯಾಕೋ ನಿಲ್ತಾನೇ ಇಲ್ಲ, ಮೂರು ಸಲ ಬಟ್ಟೆ ಬದಲಿಸಿದೆ."

ನರ್ಸು ಬಟ್ಟೆ ಬಿಚ್ಚಿದಳು. ಕೂದಲೆಳೆಯಷ್ಟು ಗೀರು, ಅದರಿಂದ ರಕ್ತ ಸಲೀಸಾಗಿ ಇಳಿಯುತ್ತಿತ್ತು. ರಕ್ತ ಗಟ್ಟಿಯಾಗಿರುವವರ ಗೀರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೀಗೆ ಹರಿಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಿರಿಂಜಿಗೆ ಮುಚ್ಚಳ ಹಾಕಿ, "ಗಾಡಿ ಕರೀರಿ" ಎಂದಳು.

ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆದು ನೋಡಿದರು. ಏಳು ದಾಟಿತ್ತು. ರಕ್ತ ಗಟ್ಟಿಯಾಗುವ ಔಷಧವನ್ನು ಅಳೆದು ಅಳೆದು ಕೊಟ್ಟು, ಮೂರು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ತಾತ ಉಳಿದರು. ಆಸ್ಪತ್ರೆಯ ಮೆಟ್ಟಿಲಲ್ಲಿ ಸೊಸೆ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಬರದೇ ಇದ್ದಿದ್ರೆ ನಮ್ಮ ಮಾವ ಇರ್ತಿರಲಿಲ್ಲ ಅಕ್ಕ" ಎಂದಳು. ಹಿಡಿದ ಕೈ ಬಿಡಿಸಿಕೊಳ್ಳಲೂ ಆಗದೆ, ಇರಲಿ ಎನ್ನಲೂ ಆಗದೆ ನಿಂತೆ. ಇದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ವಾಸಿಯಿತ್ತು.

ಡಾಕ್ಟರಮ್ಮ ಕೆಟ್ಟವರಲ್ಲ. ಅವರೂ ಹೆದರಿದ್ದರು. ಆಸ್ಪತ್ರೆಯ ಖರ್ಚನ್ನು ಸದ್ದಿಲ್ಲದೆ ತಾವೇ ಕೊಟ್ಟರು. ಮರುದಿನ ನನ್ನ ಕಂಪ್ಯೂಟರಿನ ಮೇಲೆ ಒಂದು ಕಾಗದ ಅಂಟಿಸಿದರು: ಪ್ರತಿಯೊಬ್ಬರಿಗೂ ಹೊಸ ಪುಟವನ್ನೇ ತೆರೆಯತಕ್ಕದ್ದು. ಆ ಸಾಫ್ಟ್‌ವೇರಿನವರನ್ನು ಮತ್ತೆ ಕರೆಸಬಹುದಲ್ಲ ಎಂದು ನಾನು ಕೇಳಿದೆ. ಈ ವರ್ಷ ಸಂಬಳ ಏರಿಸದಿದ್ದರೂ ಪರವಾಗಿಲ್ಲ ಎಂದೂ ಹೇಳಿದೆ. "ಕಾಗದ ಅಂಟಿಸಿದ್ದೀನಲ್ಲ" ಎಂದರು. ಕಾಗದಕ್ಕೆ ಖರ್ಚಿಲ್ಲ ನೋಡಿ.

ನಾನು ಹೊಸ ಪುಟ ತೆರೆಯತೊಡಗಿದೆ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಮೊದಲ ದಿನ ಜನ ಗೊಣಗಿದರು. ಎರಡನೆಯ ದಿನ ಬೈದರು. ಮೂರನೆಯ ದಿನ ಅರ್ಧ ಜನ ಎದುರಿನ ಲ್ಯಾಬಿಗೆ ಹೋದರು. ಅಲ್ಲಿ ರೇಟು ಜಾಸ್ತಿ, ಆದರೂ ಹೋದರು. ಅಲ್ಲಿ ಮೊದಲು ಕೆಲಸ ಮಾಡಿದ್ದ ಸೂಜಿಯಣ್ಣ, "ಅವರದೂ ಇದೇ ಸಾಫ್ಟ್‌ವೇರು. ಅಲ್ಲಿ ಕುಟ್ಟೋ ಹುಡುಗಿನೂ ನಿನ್ನ ಹಾಗೇ ನಕಲು ಮಾಡ್ತಾಳೆ. ಜನ ಜಾಸ್ತಿ ಕೊಡೋದು ಎಸಿಗೆ, ಮೆತ್ತನೆ ಕುರ್ಚಿಗೆ" ಎಂದ. ಜನರನ್ನು ಬೈದು ಏನು ಪ್ರಯೋಜನ? ಕುರ್ಚಿ ಕಣ್ಣಿಗೆ ಕಾಣುತ್ತದೆ, ಕೂತರೆ ಸುಖ ಗೊತ್ತಾಗುತ್ತದೆ. ಕಿಟಕಿಯ ಈಚೆ ನನ್ನ ಪರದೆ ಯಾರಿಗೂ ಕಾಣುವುದಿಲ್ಲ. ಕಾಣದ್ದಕ್ಕೆ ಯಾರು ದುಡ್ಡು ಬಿಚ್ಚುತ್ತಾರೆ? ಕಂಡೂ ಕಂಡೂ ನಾನೇ ಬಿಚ್ಚಿರಲಿಲ್ಲ.

ಮುಂದಿನ ಮಂಗಳವಾರ ತಾತನನ್ನು ಮರುಪರೀಕ್ಷೆಗೆ ಸೊಸೆ ಕರೆತಂದಳು. ಹತ್ತೂಕಾಲು. ಕಿಟಕಿಯಲ್ಲಿ ಮತ್ತೆ ಕೈಗಳು. ಡಾಕ್ಟರಮ್ಮ ತಮ್ಮ ಕೋಣೆಯಿಂದ ಹೊರಬಂದು ಜನರನ್ನು ನೋಡಿದರು, ಎದುರಿನ ಲ್ಯಾಬಿನ ಬಾಗಿಲನ್ನು ನೋಡಿದರು, ನನ್ನ ಕುರ್ಚಿಯ ಹಿಂದೆ ಬಂದು ಬಗ್ಗಿ ಪಿಸುಗುಟ್ಟಿದರು: "ಇವತ್ತೊಂದು ದಿನ ಹಳೇ ಥರಾನೇ ಮಾಡಿಬಿಡು. ಹುಷಾರಾಗಿ ಮಾಡಿದರಾಯ್ತು."

ತಾತನ ಚೀಟಿ ನನ್ನ ಕೈಯಲ್ಲೇ ಇತ್ತು. ಹೊಸ ಪುಟಕ್ಕೆ ಗುಂಡಿ ಒತ್ತಿದೆ. ಪರದೆಯ ಮೇಲೆ ಚಕ್ರ ಸುತ್ತತೊಡಗಿತು.

ಎರಡು ನಿಮಿಷವಾಗಿತ್ತು. ಸೊಸೆ ಕಿಟಕಿಗೆ ಮುಖವಿಟ್ಟಳು. "ಏನಕ್ಕ, ಮುಂಚೆ ಚಕಚಕ ಅಂತ ಆಗ್ತಿತ್ತು. ಬಸ್ಸು ಹತ್ತೂವರೆಗೆ, ಅದು ತಪ್ಪಿದ್ರೆ ಇನ್ನೊಂದು ಹನ್ನೆರಡಕ್ಕೇ. ಮುಂಚಿನ ಹಾಗೇ ಬೇಗ ಕೊಟ್ಟುಬಿಡಿ ಅಕ್ಕ, ನಾವು ನಿಮ್ಮವರೇ ಅಲ್ವಾ?"

ಅವಳ ಮೇಲೆ ನನಗೆ ಸಿಟ್ಟು ಬಂತು, ಮರುಕ್ಷಣವೇ ನನ್ನ ಮೇಲೆ. ಅವಳಿಗೆ ಗೊತ್ತಾಗುವುದಾದರೂ ಹೇಗೆ? ಹೇಳಬೇಕಾದವಳು ನಾನು, ಹೇಳಿದ್ದು ಮೆಷಿನ್ ಕಥೆ. ನಾನು ಕಿಟಕಿಯಿಂದ ಎದ್ದು, ಬಾಗಿಲು ತೆರೆದು, ಎಲ್ಲರೂ ನಿಂತಿದ್ದ ಕಡೆಗೆ ಬಂದೆ.

"ಮುಂಚಿನ ಹಾಗೆ ಮಾಡಿದ್ದಕ್ಕೇ ನಿಮ್ಮ ಮಾವ ಸಾಯ್ತಿದ್ದಿದ್ದು" ಎಂದೆ.

ಗದ್ದಲ ನಿಂತಿತು. ಡಾಕ್ಟರಮ್ಮ, "ಏಯ್, ಒಳಗೆ ಬಾ" ಎಂದರು. ನಾನು ಹೋಗಲಿಲ್ಲ. ಹೇಳತೊಡಗಿದ ಮೇಲೆ ನಿಲ್ಲಿಸಲೂ ಆಗಲಿಲ್ಲ.

"ಮೆಷಿನ್ ಕೆಟ್ಟಿರಲಿಲ್ಲ. ನಾನೇ ತಪ್ಪು ಕುಟ್ಟಿದ್ದು. ಹೊಸ ಪುಟಕ್ಕೆ ನಾಲ್ಕು ನಿಮಿಷ ಆಗುತ್ತೆ ಅಂತ, ಹಿಂದಿನವರ ಪುಟದ ಮೇಲೆ ನಿಮ್ಮೆಲ್ಲರ ಹೆಸರು ಬರೀತಿದ್ದೆ. ಎಂಟು ವರ್ಷದಿಂದ. ಇಲ್ಲಿ ನಿಂತಿರೋರಲ್ಲಿ ಇನ್ಯಾರಿಗೆ ಇನ್ಯಾರ ಅಂಕಿ ಹೋಗಿದೆಯೋ ನನಗೆ ಗೊತ್ತಿಲ್ಲ. ಒಳ್ಳೇ ಸಾಫ್ಟ್‌ವೇರ್ ಬಂದಿತ್ತು. ಈ ವರ್ಷ ನನ್ನ ಸಂಬಳ ಏರೋದು ನಿಲ್ಲುತ್ತೆ ಅಂತ ನಾನೇ ಬೇಡ ಅಂದೆ."

ಹಿಂದಿನಿಂದ ಒಬ್ಬರು, "ಥೂ, ಎಂಥಾ ಜನ" ಎಂದು ತಮ್ಮ ಟೋಕನ್ನನ್ನು ನೆಲಕ್ಕೆಸೆದು ಹೊರಟರು. ಅವರ ಹಿಂದೆ ಇನ್ನಿಬ್ಬರು ಹೊರಟರು. ಮೂವರೂ ರಸ್ತೆ ದಾಟಿದರು. ಡಾಕ್ಟರಮ್ಮ ನನ್ನ ಮುಖ ನೋಡದೆ, "ಸಂಜೆ ಲೆಕ್ಕ ಮುಗಿಸ್ಕೊಂಡು ಹೋಗು" ಎಂದು ಹೇಳಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಸೊಸೆ ನನ್ನನ್ನೇ ನೋಡುತ್ತಿದ್ದಳು. ಅವತ್ತು ನನ್ನ ಕೈ ಹಿಡಿದಿದ್ದವಳು ಈಗ ತನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಕಣ್ಣು ಕೆಂಪಾಗಿತ್ತು. ಬೈಯಲಿ ಎಂದು ಕಾದೆ, ಬೈಯಲಿಲ್ಲ.

ಬೆಂಚಿನ ಮೇಲಿದ್ದ ತಾತ ಕೇಳಿದರು: "ಹಾಗಾದ್ರೆ ಅವತ್ತು ಅಂಗಡೀಲಿ ಸುಳ್ಳು ಹೇಳ್ದೆ."

"ಹೌದು ತಾತ."

"ಆ ಬೆರಳು ಕೊಯ್ಕೊಳ್ಳದೇ ಇದ್ದಿದ್ರೆ?"

ತಾತ ತಮ್ಮ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದರು.

ಒಳಗೆ ಹೋದೆ. ಪುಟ ತೆರೆದುಕೊಂಡಿತ್ತು, ಪೂರ್ತಿ ಖಾಲಿ. ಕಿಟಕಿಯಿಂದ ಅವರ ಹೆಸರು ಕೇಳಿದೆ, ನನಗೆ ಗೊತ್ತಿದ್ದರೂ ಕೇಳಿದೆ. ವಯಸ್ಸು ಕೇಳಿದೆ. ಐದು ವರ್ಷದಲ್ಲಿ ಮೊದಲ ಸಲ ಫೋನ್ ನಂಬರು ಕೇಳಿದೆ. ಸೊಸೆ ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದಳು. ಕೊನೆಯ ಎರಡು ಅಂಕಿ ಕುಟ್ಟುವಷ್ಟರಲ್ಲಿ ಪರದೆ ಮತ್ತೆ ಕಲ್ಲಾಯಿತು.

ಹೊರಗೆ ಹತ್ತೂವರೆಯ ಬಸ್ಸು ಹಾರ್ನ್ ಹಾಕಿತು. ಸೊಸೆ ಬಾಗಿಲ ಕಡೆ ನೋಡಿದಳು, ಮಾವನ ಕಡೆ ನೋಡಿದಳು. ಆಮೇಲೆ ಹೋಗಿ ಬೆಂಚಿನ ಮೇಲೆ ಅವರ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ನಿಧಾನಕ್ಕೆ ಮಾಡಿ" ಎಂದಳು. ಅಕ್ಕ ಎನ್ನಲಿಲ್ಲ.